ಕೋಶದ ಒಳಗೂ ಪೊರೆಯ ಮೇಲೂ: ಎರಡು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು ಹೇಗೆ?

ಯೀಸ್ಟ್ ಕೋಶ ಮೊಗ್ಗೊಡೆಯುವ ಮೊದಲು ತನ್ನ ಪೊರೆಯ ಮೇಲೆ ಒಂದು ಜಾಗ ಆರಿಸಿಕೊಳ್ಳುತ್ತದೆ. ಸಿಡಿಸಿ42 ಎಂಬ ಪ್ರೋಟೀನ್ ಅಲ್ಲಿ ಗುಂಪುಗೂಡುತ್ತದೆ. ಇದು ಕೋಶದ್ರವದಲ್ಲಿ ಬೇಗ ಹರಡುತ್ತದೆ, ಪೊರೆಗೆ ಅಂಟಿಕೊಂಡಾಗ ಬಹಳ ನಿಧಾನವಾಗಿ ಸರಿಯುತ್ತದೆ. ಅಂಟುವುದು, ಕಳಚಿಕೊಳ್ಳುವುದು ನಡೆಯುತ್ತಲೇ ಇರುತ್ತದೆ. ಹಾಗಾಗಿ ಒಳಭಾಗಕ್ಕೊಂದು, ಮೇಲ್ಮೈಗೊಂದು ಸಮೀಕರಣ ಬೇಕು. ಒಂದನ್ನು ಬಿಡಿಸಲು ಇನ್ನೊಂದರ ಉತ್ತರ ಬೇಕು.

ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಕೋಶವನ್ನು ನಾಲ್ಕು ಮುಖಗಳ ಸಣ್ಣ ತುಂಡುಗಳಾಗಿ ಒಡೆಯುತ್ತೇವೆ. ಈ ತುಂಡುಗಳ ಜಾಲವೇ ಮೆಶ್. ಅಂಚಿನ ತುಂಡುಗಳ ಹೊರಮುಖದ ತ್ರಿಕೋನಗಳೇ ಮೇಲ್ಮೈಯ ಮೆಶ್ ಆಗುತ್ತವೆ, ಬೇರೆ ಹೆಣೆಯಬೇಕಿಲ್ಲ. ಬಾಗಿದ ಮೇಲ್ಮೈಯನ್ನು ಹೀಗೆ ತ್ರಿಕೋನಗಳಲ್ಲಿ ಬಿಡಿಸುವ ವಿಧಾನವನ್ನು 1988ರಲ್ಲಿ ಗೆರ್ಹಾರ್ಡ್ ಡ್ಜಿಯುಕ್ ವಿವರಿಸಿದರು. ಒಳಭಾಗ, ಮೇಲ್ಮೈ ಎರಡೂ ಸೇರಿದ ಸಮಸ್ಯೆಯಲ್ಲಿ ದೋಷ ಎಷ್ಟಿರುತ್ತದೆ ಎಂಬ ಗಣಿತವನ್ನು 2013ರಲ್ಲಿ ಚಾರ್ಲ್ಸ್ ಎಲಿಯಟ್ ಮತ್ತು ಥಾಮಸ್ ರ‍್ಯಾನರ್ ಕೊಟ್ಟರು. ಫೆನಿಕ್ಸ್‌ನಂಥ ಮುಕ್ತ ತಂತ್ರಾಂಶದಲ್ಲಿ ಇದನ್ನು ನೀವೇ ಮಾಡಿ ನೋಡಬಹುದು.

ಎಡವುವುದು ಸಾಮಾನ್ಯವಾಗಿ ಜೋಡಣೆಯಲ್ಲಿ. ಒಳಗಿನಿಂದ ಪೊರೆಗೆ ಹೋದ ಪ್ರೋಟೀನ್ ಒಂದು ಸಮೀಕರಣದಲ್ಲಿ ಕಳೆಯಬೇಕು, ಅಷ್ಟೇ ಪ್ರಮಾಣ ಇನ್ನೊಂದರಲ್ಲಿ ಕೂಡಬೇಕು. ಚಿಹ್ನೆ ತಪ್ಪಿದರೂ ತಂತ್ರಾಂಶ ತಕರಾರು ಮಾಡುವುದಿಲ್ಲ. ಬಣ್ಣಬಣ್ಣದ ಚಿತ್ರ ಚೆನ್ನಾಗಿಯೇ ಬರುತ್ತದೆ! ಆದರೆ ಇಂಥ ಮಾದರಿಗಳಲ್ಲಿ ಪ್ರೋಟೀನ್ ಗುಂಪುಗೂಡುತ್ತದೋ ಇಲ್ಲವೋ ಎಂಬುದೇ ಒಟ್ಟು ಪ್ರಮಾಣವನ್ನು ಅವಲಂಬಿಸಿದೆ. ಲೆಕ್ಕದಲ್ಲಿ ಪ್ರೋಟೀನ್ ಸೋರಿಹೋದರೆ ಜೀವಶಾಸ್ತ್ರದ ತೀರ್ಮಾನವೇ ತಲೆಕೆಳಗಾಗಬಹುದು.

ಏಕಮಾನಗಳೂ ಬೇರೆ ಬೇರೆ. ಒಳಗೆ ಘನ ಮೈಕ್ರೊಮೀಟರ್‌ಗೆ ಇಷ್ಟು ಅಣು, ಮೇಲೆ ಚದರ ಮೈಕ್ರೊಮೀಟರ್‌ಗೆ ಇಷ್ಟು ಅಣು. ಅದಕ್ಕೆ ಒಂದು ಸುಲಭ ಪರೀಕ್ಷೆ ಇದೆ: 6 ಮೈಕ್ರೊಮೀಟರ್ ತ್ರಿಜ್ಯದ ಗೋಳ ತೆಗೆದುಕೊಳ್ಳಿ. ಒಳಗೆ ಘನ ಮೈಕ್ರೊಮೀಟರ್‌ಗೆ 100 ಅಣು ಇರಲಿ, ಪೊರೆ ಖಾಲಿ ಇರಲಿ. ಅಂಟಲು ಮಾತ್ರ ಬಿಡಿ, ಕಳಚಲು ಬಿಡಬೇಡಿ. ಗಾತ್ರವನ್ನು ಮೇಲ್ಮೈಯಿಂದ ಭಾಗಿಸಿದರೆ ತ್ರಿಜ್ಯದ ಮೂರನೇ ಒಂದು ಭಾಗ, ಅಂದರೆ 2 ಬರುತ್ತದೆ. ಹಾಗಾಗಿ ಕೊನೆಗೆ ಪೊರೆಯ ಮೇಲೆ ಚದರ ಮೈಕ್ರೊಮೀಟರ್‌ಗೆ 200 ಅಣು ಸಿಗಬೇಕು. 100 ಬಂದರೆ ಜೋಡಣೆಯನ್ನು ಮತ್ತೆ ನೋಡಿ.

190ರ ಆಸುಪಾಸು ಬಂದರೆ? ಆಗ ಮೆಶ್ ಒರಟಾಗಿರಬಹುದು. ವೃತ್ತದೊಳಗೆ 12 ಬದಿಯ ಬಹುಭುಜ ಬರೆದರೆ ಸುತ್ತಳತೆ ಸುಮಾರು ಶೇ. 1.1 ಕಡಿಮೆಯಾಗುತ್ತದೆ, ವಿಸ್ತೀರ್ಣ ಶೇ. 4.5 ಕಡಿಮೆಯಾಗುತ್ತದೆ. ಗೋಳದಲ್ಲೂ ಹೀಗೆಯೇ ಗಾತ್ರ ಹೆಚ್ಚು ಕುಗ್ಗುತ್ತದೆ, ಮೇಲ್ಮೈ ಕಡಿಮೆ ಕುಗ್ಗುತ್ತದೆ. ತುಂಡುಗಳ ಅಳತೆ ಅರ್ಧ ಮಾಡಿದರೆ ದೋಷ ಸುಮಾರು ಕಾಲು ಭಾಗಕ್ಕೆ ಇಳಿಯಬೇಕು. ಇಳಿಯದಿದ್ದರೆ ತಪ್ಪು ಮೆಶ್‌ನದಲ್ಲ.