ಹಸ್ತ ಮಳೆ ನಿಂತ ಮೇಲೆ ಹುಲ್ಲು ಎಣಿಸುವವರು

ತುರಹಳ್ಳಿ ಗುಡ್ಡವನ್ನು ಮಾರ್ಚ್‌ನಲ್ಲಿ ನೋಡಿದವರ ಕಣ್ಣಿಗೆ ಬೀಳುವುದು ಬಂಡೆ, ನೀಲಗಿರಿ, ಒಣಗಿದ ಕಡ್ಡಿ. ಬೆಂಗಳೂರಿನ ಬನಶಂಕರಿ ಆರನೇ ಹಂತದ ಮಗ್ಗುಲಿನ ಅದೇ ಜಾಗಕ್ಕೆ ಉತ್ತರೆ, ಹಸ್ತ ಮಳೆಗಳು ಸುರಿದ ಮೇಲೆ ಹೋಗಿ. ಬಂಡೆಯ ಸಂದಿಸಂದಿಯಲ್ಲೂ ಹುಲ್ಲು ತೆನೆ ಬಿಟ್ಟಿರುತ್ತದೆ. ಹುಲ್ಲುಗಾವಲಿನ ಸಸ್ಯ ಸಮೀಕ್ಷೆ ನಮ್ಮಲ್ಲಿ ಬೆಳೆದು ಬಂದ ಬಗೆಯನ್ನು ನೋಡಿದರೆ, ಸರ್ಕಾರಿ ಕಾಗದದಲ್ಲಿ ಹೆಚ್ಚಾಗಿ ಗೆದ್ದಿರುವುದು ಮಾರ್ಚ್‌ನ ನೋಟವೇ.

ಋತುವಿನ ಲೆಕ್ಕ ಬಲ್ಲವರು ಮೊದಲೇ ಇದ್ದರು. ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ, ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ಕಾವಲುಗಳನ್ನು, ಎಂದರೆ ದನ ಮೇಯುವ ಹುಲ್ಲುಬಯಲುಗಳನ್ನು, ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಕೆರೆಯಂಗಳದ ತೇವ, ಮರದ ನೆರಳು ಇದ್ದ ಬೇಸಿಗೆ ಕಾವಲಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ದನಗಳು ಆಯಾ ಕಾಲಕ್ಕೆ ಆಯಾ ಕಾವಲಿಗೆ ನಡೆಯುತ್ತಿದ್ದವು. ಇದನ್ನು ವಿಜ್ಞಾನ ಎನ್ನಬೇಕೋ ಬೇಡವೋ, ನೆಲವನ್ನು ಋತುವಿನಿಂದ ಅಳೆಯುವ ಪದ್ಧತಿಯಂತೂ ಹೌದು.

ಸಸ್ಯಶಾಸ್ತ್ರಜ್ಞರು ಬಂದದ್ದು ಬೇರೆ ದಾರಿಯಲ್ಲಿ. ಯಾವ ಜಿಲ್ಲೆಯಲ್ಲಿ ಯಾವ ಗಿಡ ಇದೆ ಎಂಬ ಪಟ್ಟಿಯೇ ಅವರಿಗೆ ಮುಖ್ಯ. ಎಸ್.ವಿ. ರಾಮಸ್ವಾಮಿ ಮತ್ತು ಬಿ.ಎ. ರಜಿ ಅವರ ಬೆಂಗಳೂರು ಜಿಲ್ಲೆಯ ಸಸ್ಯಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ಹೊರತಂದಿತು. ಜಯನಗರದ ದಕ್ಷಿಣಕ್ಕೆ ಆಗಿನ್ನೂ ಹೊಲ, ಗೋಮಾಳಗಳಿದ್ದವು. ಸೇಂಟ್ ಜೋಸೆಫ್ ಕಾಲೇಜಿನ ಸೆಸಿಲ್ ಸಲ್ಡಾನ ಅವರ ಹಾಸನ ಜಿಲ್ಲೆಯ ಗ್ರಂಥ ಬಂದದ್ದು 1976ರಲ್ಲಿ. ಆಮೇಲೆ ಅವರು ಇಡೀ ಕರ್ನಾಟಕದ ಸಸ್ಯಸಂಪುಟಕ್ಕೆ ಕೈಹಾಕಿದರು. 1984ರಲ್ಲಿ ಒಂದು, 1996ರಲ್ಲಿ ಇನ್ನೊಂದು ಸಂಪುಟ ಬಂದವು. ಎರಡೂ ಹುಲ್ಲಿನ ಕುಟುಂಬವನ್ನು ಮುಟ್ಟುವ ಮೊದಲೇ ಮುಗಿದವು. ಕುಟುಂಬಗಳ ಕ್ರಮದಲ್ಲಿ ಹುಲ್ಲಿನ ಸರದಿ ಕೊನೆಗೆ, ಅಷ್ಟೇ. ಆದರೂ ನನಗೆ ಅದು ಬರೀ ಕ್ರಮದ ಮಾತಾಗಿ ಕಾಣುವುದಿಲ್ಲ.

ಪಟ್ಟಿಯಿಂದ ಪ್ರಮಾಣದ ಕಡೆಗೆ ದೊಡ್ಡ ಹೆಜ್ಜೆ ಇಟ್ಟವರು ದಬಡಘಾವ್ ಮತ್ತು ಶಂಕರನಾರಾಯಣ್. 1954ರಿಂದ 1962ರವರೆಗೆ ದೇಶದ ಉದ್ದಗಲಕ್ಕೂ ನಡೆದ ಸಮೀಕ್ಷೆಯ ಮೇಲೆ ಅವರ ಗ್ರಂಥ ನಿಂತಿದೆ. ಪ್ರಕಟವಾದದ್ದು ಅದೇ 1973ರಲ್ಲಿ. ಭಾರತದ ಹುಲ್ಲುಹೊದಿಕೆಯನ್ನು ಅವರು ಐದು ಬಗೆ ಮಾಡಿದರು. ನಮ್ಮ ಬಯಲುಸೀಮೆ ಸೆಹಿಮಾ–ಡೈಕಾಂಥಿಯಂ ಬಗೆಗೆ ಸೇರಿತು. ಮೇಯಿಸುವುದು ಹೆಚ್ಚಾದಂತೆ ಸೆಹಿಮಾ ಹಿಂದೆ ಸರಿದು ಹೆಟೆರೊಪೊಗಾನ್, ಕೊನೆಗೆ ದನ ಮೂಸಿಯೂ ನೋಡದ ಅರಿಸ್ಟಿಡಾ ಮೇಲುಗೈ ಪಡೆಯುತ್ತದೆ ಎಂಬ ಇಳಿಮೆಟ್ಟಿಲನ್ನೂ ಅವರು ಗುರುತಿಸಿದರು. ಯಾವ ಹುಲ್ಲು ಎಷ್ಟಿದೆ ಎಂದು ನೋಡಿ ನೆಲದ ಆರೋಗ್ಯ ಹೇಳುವ ರೂಢಿಗೆ ಇಲ್ಲಿ ಬುನಾದಿ ಬಿತ್ತು.

ಆ 'ಎಷ್ಟು' ಸಿಗುವುದು ಚೌಕದಿಂದ. ಕಣ್ಣಂದಾಜು ಮೋಸ ಮಾಡುತ್ತದೆ ಎಂದು ಕಂಡುಕೊಂಡು ಅಮೆರಿಕದ ನೆಬ್ರಾಸ್ಕದಲ್ಲಿ ಪೌಂಡ್ ಮತ್ತು ಕ್ಲೆಮೆಂಟ್ಸ್ 1898ರಲ್ಲಿ ಅಳತೆಯ ಚೌಕ ಹಾಕಿ ಗಿಡ ಎಣಿಸಿದರು. 1959ರಲ್ಲಿ ಡಾಬೆನ್ಮೈರ್ ಅದನ್ನು 20 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಪುಟ್ಟ ಚೌಕಟ್ಟಿಗೆ ಇಳಿಸಿದರು. ಇವತ್ತಿಗೂ ಕೆಲಸ ಇಷ್ಟೇ: ದಾರ ಎಳೆದು, ಅದರುದ್ದಕ್ಕೂ ಚೌಕಟ್ಟು ಇಟ್ಟು, ಮೊಣಕಾಲೂರಿ ಬಗ್ಗಿ, ಯಾವ ಜಾತಿ ನೆಲವನ್ನು ಎಷ್ಟು ಮುಚ್ಚಿದೆ ಎಂದು ಬರೆದುಕೊಳ್ಳುವುದು. ಕೆಲವು ಚೌಕಗಳ ಹುಲ್ಲನ್ನು ಬುಡಕ್ಕೆ ಕತ್ತರಿಸಿ, ಒಲೆಯಲ್ಲಿ ಒಣಗಿಸಿ ತೂಗುತ್ತಾರೆ.

ಯಾವಾಗ ಎಂಬುದೇ ಕಷ್ಟದ ಪ್ರಶ್ನೆ. ತೆನೆ ಬಾರದ ಹುಲ್ಲನ್ನು ಗುರುತಿಸುವುದು ಬಲ್ಲವರಿಗೂ ಬೆವರಿಳಿಸುವ ಕೆಲಸ. ಬೆಂಗಳೂರಿನ ಮಳೆ ಮೇನಲ್ಲಿ ಒಮ್ಮೆ ಏರಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೂ ಮೇಲೇರುತ್ತದೆ. ಹೆಚ್ಚಿನ ಹುಲ್ಲುಗಳ ತೆನೆ ಆ ಎರಡನೇ ಏರಿನ ಬೆನ್ನಿಗೆ. ಹೆಟೆರೊಪೊಗಾನ್ ನೋಡಿ: ಆಶ್ಲೇಷ ಮಳೆಯಲ್ಲಿ ಎಳೆಯದು, ದನಕ್ಕೆ ಇಷ್ಟ. ಚಿತ್ತೆಯ ಹೊತ್ತಿಗೆ ಚೂಪು ಬೀಜ, ಅದಕ್ಕೆ ಹುರಿಗೊಂಡ ಕಂದು ಬಾಲ. ತೇವ ತಾಗಿದರೆ ಹುರಿ ಬಿಚ್ಚಿ, ಒಣಗಿದರೆ ಮತ್ತೆ ಬಿಗಿದು, ತಿರುಗುತ್ತ ತಿರುಗುತ್ತ ಬೀಜ ಮಣ್ಣಿಗಿಳಿಯುತ್ತದೆ. ಮಣ್ಣು ಸಿಗದಿದ್ದರೆ ಕುರಿಯ ಚರ್ಮ. ಅದೂ ಸಿಗದಿದ್ದರೆ ಸಮೀಕ್ಷೆಗೆ ಬಂದವರ ಕಾಲುಚೀಲ. ಒಂದೇ ಜಾತಿ, ಒಂದೇ ಚೌಕ. ಎರಡು ತಿಂಗಳ ಅಂತರದಲ್ಲಿ ಮೇವಿನ ಲೆಕ್ಕ ಪೂರಾ ಬೇರೆ.

ಉಪಗ್ರಹ ಬಂದ ಮೇಲೆ ಈ ತಾಪತ್ರಯ ನೀಗಬೇಕಿತ್ತು. ಆದದ್ದು ತಿರುಗುಮುರುಗು. ಮಳೆಗಾಲದಲ್ಲಿ ಹುಲ್ಲು ಹಸಿರಾಗಿರುವಾಗ ಮೇಲೆ ಮೋಡ. ಮೋಡ ಸರಿದು ಚಿತ್ರ ನಿಚ್ಚಳವಾಗುವ ಹೊತ್ತಿಗೆ ಹುಲ್ಲು ಒಣಗಿರುತ್ತದೆ. 2000ದಲ್ಲಿ ಬಂದ ಬಂಜರು ಭೂಮಿ ಅಟ್ಲಾಸ್‌ನಂಥ ನಕ್ಷೆಗಳಲ್ಲಿ ಎಷ್ಟೋ ಹುಲ್ಲುಬಯಲು ಬಂಜರಿನ ಬಣ್ಣ ಪಡೆದದ್ದಕ್ಕೆ ಆಡಳಿತದ ಹಳೆಯ ಚಾಳಿ ದೊಡ್ಡ ಕಾರಣ, ಈ ಮೋಡವೂ ಒಂದು ಕಾರಣ ಎಂದು ನನ್ನ ಎಣಿಕೆ. ಮೋಡ ತೂರಿ ನೋಡುವ ರೇಡಾರ್, ವರ್ಷವಿಡೀ ತೆಗೆದ ಚಿತ್ರಗಳನ್ನು ಒಟ್ಟಿಗೆ ಹೊಸೆಯುವ ಗಣಕ ಈಚಿನವು. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರಗಳಿಂದಲೇ ಮಾಡಿದ ನಕ್ಷೆಯಲ್ಲಿ ದೇಶದ ಸುಮಾರು ಶೇ. 10ರಷ್ಟು ನೆಲ ಇಂಥ ಅರೆಶುಷ್ಕ ತೆರೆದ ಬಯಲು. ಅದರಲ್ಲಿ ಸಂರಕ್ಷಿತ ಪ್ರದೇಶದೊಳಗಿರುವುದು ಶೇ. 5ಕ್ಕೂ ಕಡಿಮೆ.

ಬಂಜರು ಎಂದು ಬರೆದ ಮೇಲೆ ಹಂಚುವುದು ಸುಲಭ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವುಗಳ ಪಾಲಾಯಿತು. ಬನಶಂಕರಿ ಎರಡನೇ ಹಂತದ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಇದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದದ್ದು 2013ರಲ್ಲಿ. ಕರ್ನಾಟಕದ ಹುಲ್ಲುಗಳ ಮಾದರಿಗಳನ್ನು ಒಣಗಿಸಿ ಕಾಪಾಡಿಟ್ಟಿರುವ ಸಸ್ಯಸಂಗ್ರಹಾಲಯ ಇರುವುದು ಅದೇ ವಿಜ್ಞಾನ ಸಂಸ್ಥೆಯಲ್ಲಿ.

ನಗರದ ಅಂಚಿಗೆ ಈಗ ಬೇಕಾಗಿರುವುದು ಜೋಡಿ ಚೌಕಗಳ ಕೆಲಸ: ಒಂದಕ್ಕೆ ಬೇಲಿ, ಪಕ್ಕದ್ದು ದನಕ್ಕೆ ಮುಕ್ತ, ಮುಂಗಾರಿನಲ್ಲಿ, ತೆನೆಗಾಲದಲ್ಲಿ, ಬೇಸಿಗೆಯಲ್ಲಿ ಎರಡರ ಅಳತೆ. ಮೇಯಿಸುವುದು ಹುಲ್ಲನ್ನು ಕೊಲ್ಲುತ್ತದೋ, ಪೊದೆ ನುಗ್ಗದಂತೆ ಕಾಯುತ್ತದೋ ಎಂಬ ಜಗಳಕ್ಕೆ ಬೇರೆ ಪಂಚಾಯಿತಿಕಟ್ಟೆ ಇಲ್ಲ. ಒಂದು ವರ್ಷದ ಅಂಕಿ ಸಾಲದು. ಮಳೆ ಕೈಕೊಟ್ಟ ವರ್ಷವೊಂದು ಲೆಕ್ಕದೊಳಗೆ ಬರುವವರೆಗೂ ಅಳೆಯುತ್ತಿರಬೇಕು.