ಸಿ. ಪಿ. ಬ್ರೌನರೂ ವೀರಶೈವ ವಾಙ್ಮಯವೂ

ತೆಲುಗು ಸಾಹಿತ್ಯದ ಪುನರುದ್ಧಾರಕರೆಂದು ಪ್ರಸಿದ್ಧರಾದ ಚಾರ್ಲ್ಸ್ ಫಿಲಿಪ್ ಬ್ರೌನರು ವೀರಶೈವ ವಾಙ್ಮಯಕ್ಕೆ ಸಲ್ಲಿಸಿದ ಸೇವೆ ಸ್ಮರಣೀಯವಾದುದು. 1798ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಅವರು 1817ರಲ್ಲಿ ಕಂಪನಿ ಸರಕಾರದ ಸೇವೆಗೆಂದು ಮದರಾಸಿಗೆ ಬಂದು, 1820ರಲ್ಲಿ ಕಡಪೆಯನ್ನು ಸೇರಿದರು. ಆಡಳಿತಕ್ಕಾಗಿ ಕಲಿತ ತೆಲುಗು ಅವರಿಗೆ ಬಾಳಿನ ವ್ರತವೇ ಆಯಿತು.

ಕಡಪೆಯಲ್ಲಿ ಮನೆಯೊಂದನ್ನು ಕೊಂಡು, ಸ್ವಂತ ಹಣದಿಂದ ಪಂಡಿತರನ್ನೂ ಲಿಪಿಕಾರರನ್ನೂ ನೇಮಿಸಿ, ಓಲೆಗರಿಗಳನ್ನು ಕೂಡಿಹಾಕಿ, ಪಾಠಾಂತರಗಳನ್ನು ಹೋಲಿಸಿ ಪ್ರತಿ ಮಾಡಿಸಿದರು. 1829ರಲ್ಲಿ ವೇಮನನ ಪದ್ಯಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 1840ರಲ್ಲಿ ಜಂಗಮರ ಮತ, ಆಚಾರ, ಸಾಹಿತ್ಯಗಳನ್ನು ಕುರಿತು ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ದೀರ್ಘ ಪ್ರಬಂಧವನ್ನು ಬರೆದರು. ಅದರ ಮುಖ್ಯ ಆಕರಗಳಲ್ಲೊಂದು ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’. ಭೀಮಕವಿಯು 1369ರಲ್ಲಿ ಕನ್ನಡಿಸಿದ್ದು ಈ ಕೃತಿಯನ್ನೇ.

ಬ್ರೌನರ ನಿರ್ಣಯಗಳೆಲ್ಲವೂ ಇಂದು ಒಪ್ಪತಕ್ಕವಲ್ಲ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬೆಳಕಿಗೆ ಬಂದದ್ದು 1923ರಲ್ಲಿ. ವಚನರಾಶಿಯ ವಿಸ್ತಾರ ಅವರಿಗೆ ತಿಳಿಯುವಂತಿರಲಿಲ್ಲ. ಆದರೂ ಒಂದು ಮತವನ್ನು ಅನ್ಯರ ಮಾತಿನಿಂದ ಅಳೆಯದೆ, ಆ ಮತದವರ ಗ್ರಂಥಗಳನ್ನೇ ಓದಿ ತಿಳಿಯಬೇಕೆಂಬ ಅವರ ಕ್ರಮ ಇಂದಿಗೂ ಆದರ್ಶಪ್ರಾಯವಾಗಿದೆ.

1884ರಲ್ಲಿ ಲಂಡನ್ನಿನಲ್ಲಿ ಅವರು ಕಾಲವಾದರು. ಪರದೇಶೀಯರೊಬ್ಬರು ಹುಡುಕಿ ಉಳಿಸಿದ ಓಲೆಗಳನ್ನು ನೆನೆಯುವಾಗ, ನಮ್ಮ ಮಠಮನೆಗಳಲ್ಲಿ ಹುಳು ಹಿಡಿಯುತ್ತಿರುವ ಕಟ್ಟುಗಳನ್ನು ಬಿಚ್ಚಿ ನೋಡುವ ಹೊಣೆ ಯಾರದೆಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.