ಪರಿಹಾರಧನದ ಹಕ್ಕು ಮತ್ತು ನ್ಯಾಯಾಲಯದ ಕಾವಲು

ಕಪಿಲೆಯ ದಡದ ನಂಜನಗೂಡು ಮೈಸೂರು–ಊಟಿ ಹೆದ್ದಾರಿಯ ಮೇಲಿದ್ದರೆ, ತಿರುಮಕೂಡಲು ನರಸೀಪುರವು ಕಾವೇರಿ–ಕಪಿಲೆಯರ ಸಂಗಮದಲ್ಲಿದೆ. ಈ ಎರಡೂ ಯಾತ್ರಾಸ್ಥಳಗಳ ಹಿರಿಯ ಸಿವಿಲ್ ನ್ಯಾಯಾಲಯಗಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಾಗಿಯೂ ಕಾರ್ಯ ನಿರ್ವಹಿಸುತ್ತವೆ. ದುಡಿಯುವ ಕೈಯನ್ನು ಕಳೆದುಕೊಂಡ ಕೂಲಿಕಾರ ಕುಟುಂಬಕ್ಕೆ ಅಲ್ಲಿ ದೊರೆಯುವ ಪರಿಹಾರವೆಂದರೆ ಮುಂದಿನ ಹಲವು ವರ್ಷಗಳ ಅನ್ನ. ಮುಂದೆ ಬರಲಿರುವ ಆ ಹಣವನ್ನು ಇಂದಿನ ಅಡಚಣೆಗಾಗಿ ಅಗ್ಗಕ್ಕೆ ಬಿಟ್ಟುಕೊಡದಂತೆ ಕಾಯುವವರು ಯಾರು? ಈ ಪ್ರಶ್ನೆಗೆ ಕಾನೂನು ನೀಡುತ್ತ ಬಂದ ಉತ್ತರವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅಮೆರಿಕದಲ್ಲಿ ಕಂತಿನ ಪರಿಹಾರದ ಹಕ್ಕನ್ನು ಮಾರಬಹುದು. ಆದರೆ ನ್ಯಾಯಾಲಯದ ಒಪ್ಪಿಗೆ ಬೇಕು. 1997ರಲ್ಲಿ ಇಲಿನಾಯ್ ರಾಜ್ಯವು ಇಂತಹ ಶಾಸನವನ್ನು ಮೊದಲಿಗೆ ರೂಪಿಸಿತು. ಒಪ್ಪಿಗೆಯಿಲ್ಲದೆ ಹಕ್ಕನ್ನು ಕೊಳ್ಳುವವರಿಗೆ ಶೇ. 40ರ ತೆರಿಗೆ ವಿಧಿಸುವ ಕೇಂದ್ರ ಕಾಯಿದೆ 2002ರಲ್ಲಿ ಬಂದಿತು. ಭಾರತದ ಕಾನೂನು ಹಿಡಿದ ದಾರಿ ಬೇರೆ. 1871ರ ಪಿಂಚಣಿ ಕಾಯಿದೆಯು ಮುಂದೆ ಬರಲಿರುವ ಪಿಂಚಣಿಯ ಪರಭಾರೆಯನ್ನು ಅಸಿಂಧುಗೊಳಿಸಿತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ 9ನೆಯ ಕಲಮು ಪರಿಹಾರಧನದ ವರ್ಗಾವಣೆ, ಅಡಮಾನ, ಜಪ್ತಿ ಮೂರನ್ನೂ ತಡೆಯಿತು. ಅಲ್ಲಿ ಷರತ್ತಿನ ಮಾರಾಟ, ಇಲ್ಲಿ ಮಾರಾಟಕ್ಕೇ ನಿಷೇಧ.

ಮೋಟಾರು ಅಪಘಾತದ ಪರಿಹಾರಕ್ಕೆ ಈ ಕಾವಲನ್ನು ಒದಗಿಸಿದ್ದು ಮುಖ್ಯವಾಗಿ ನ್ಯಾಯಾಲಯಗಳ ತೀರ್ಪುಗಳು. ಗುಜರಾತ್ ಉಚ್ಚ ನ್ಯಾಯಾಲಯವು 1982ರಲ್ಲಿ ಹಾಕಿಕೊಟ್ಟ ಸೂತ್ರಗಳನ್ನು ಸರ್ವೋಚ್ಚ ನ್ಯಾಯಾಲಯವು ಸೂಸಮ್ಮ ಥಾಮಸ್ ಪ್ರಕರಣದಲ್ಲಿ ಅಂಗೀಕರಿಸಿತು. ಅಪ್ರಾಪ್ತರ, ಅನಕ್ಷರಸ್ಥರ, ವಿಧವೆಯರ ಹಣವನ್ನು ನಿಶ್ಚಿತ ಠೇವಣಿಯಲ್ಲಿಡಬೇಕು. ಬ್ಯಾಂಕು ಅದರ ಮೇಲೆ ಸಾಲ ಕೊಡಕೂಡದು. ಬಡ್ಡಿಯು ನೇರವಾಗಿ ಹಕ್ಕುದಾರರಿಗೆ ಸಲ್ಲಬೇಕು. ಚಿಕಿತ್ಸೆಗೋ ಬದುಕು ಕಟ್ಟಿಕೊಳ್ಳುವ ಸಾಧನಕ್ಕೋ ಅಸಲು ಬೇಕಾದರೆ ನ್ಯಾಯಮಂಡಳಿಯ ಅನುಮತಿ ಪಡೆಯಬೇಕು. ಲೇವಾದೇವಿಯವರ ಮತ್ತು ಮಧ್ಯವರ್ತಿಗಳ ಕೈಯಿಂದ ಹಣವನ್ನು ಉಳಿಸುವುದು ಇದರ ಆಶಯ.

ಆದರೆ ಕಾವಲು ಕೆಲವೊಮ್ಮೆ ಕಟ್ಟಾಗುತ್ತದೆ. ಸೋರುವ ಮನೆ, ಏರುವ ಸಾಲದ ಬಡ್ಡಿ ಠೇವಣಿಯ ಅವಧಿ ಮುಗಿಯುವವರೆಗೆ ಕಾಯುವುದಿಲ್ಲ. ಕರ್ನಾಟಕದಿಂದಲೇ ಮೇಲ್ಮನವಿಯಾಗಿ ಹೋದ ಎ.ವಿ. ಪದ್ಮಾ ಪ್ರಕರಣವು ಈ ಕಾರಣದಿಂದ ಗಮನಾರ್ಹ. 2012ರ ಈ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೂಸಮ್ಮ ಥಾಮಸ್ ಸೂತ್ರಗಳನ್ನು ಯಾಂತ್ರಿಕವಾಗಿ ಅನ್ವಯಿಸಕೂಡದು, ಹಕ್ಕುದಾರರ ವಯಸ್ಸು, ಅಕ್ಷರಜ್ಞಾನ ಮತ್ತು ಅಗತ್ಯಗಳನ್ನು ವಿವೇಚಿಸಬೇಕು ಎಂದು ವಿಧಿಸಿತು.

2019ರಲ್ಲಿ ಅದೇ ನ್ಯಾಯಾಲಯವು ಪರಿಹಾರವನ್ನು ಮಾಸಿಕ ಕಂತುಗಳಲ್ಲಿ ಪಾವತಿಸುವ ಠೇವಣಿ ಯೋಜನೆಯನ್ನು ದೇಶದಾದ್ಯಂತ ಜಾರಿಗೊಳಿಸಲು ನಿರ್ದೇಶಿಸಿತು. ಇದರ ಮೇಲೂ ಸಾಲವಿಲ್ಲ. ಅವಧಿಗೆ ಮುನ್ನ ಮುರಿಯಲು ನ್ಯಾಯಾಲಯದ ಅನುಮತಿ ಬೇಕು. ಹೀಗೆ, ನಮ್ಮಲ್ಲಿ ನ್ಯಾಯಾಧೀಶರು ತೂಗುವುದು ಮಾರಾಟದ ಬೆಲೆಯನ್ನಲ್ಲ, ಬಡವರ ಅಗತ್ಯವನ್ನು. ಈ ಅಧಿಕಾರದ ಘನತೆ ಅಥವಾ ಕಾಠಿಣ್ಯ ನಿರ್ಧಾರವಾಗುವುದು ಗ್ರಂಥಸ್ಥ ತೀರ್ಪುಗಳಲ್ಲಿ ಮಾತ್ರವಲ್ಲ. ನಂಜನಗೂಡು, ನರಸೀಪುರದಂತಹ ಊರುಗಳ ನ್ಯಾಯಪೀಠದ ಮುಂದೆ ಅಸಲಿಗಾಗಿ ಸಲ್ಲಿಕೆಯಾಗುವ ಒಂದು ಪುಟದ ಅರ್ಜಿಯಲ್ಲಿ.